ಅವಳು ಒದೆಯದ ಜಾಗ

ಮಧ್ಯಾಹ್ನದ ಬಿಸಿಯೂಟ ಮುಗಿದು ಮಕ್ಕಳು ತಟ್ಟೆ ತೊಳೆಯಲು ಹೋದಾಗ ನನಗೆ ಇಪ್ಪತ್ತು ನಿಮಿಷ ಬಿಡುವು ಸಿಗುತ್ತದೆ. ಜೇವರ್ಗಿಯ ನಮ್ಮ ಶಾಲೆಯ ಉಳಿದ ಟೀಚರುಗಳು ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಸೀರೆ ನೋಡುತ್ತಾರೆ, ಅಡುಗೆ ನೋಡುತ್ತಾರೆ. ನಾನು ಮನುಷ್ಯರು ಮನುಷ್ಯರನ್ನು ಒದೆಯುವುದನ್ನು ನೋಡುತ್ತೇನೆ. ಕಿಕ್ ಬಾಕ್ಸಿಂಗಿನ ಹಳೆಯ ಚಾಂಪಿಯನ್ನರು, ಅವರ ನಾಕೌಟುಗಳು, ಬೆರಳು ಸರಿಸಿದಷ್ಟೂ ಬರುತ್ತಲೇ ಇರುತ್ತವೆ. ಪಕ್ಕದಲ್ಲಿ ಕೂರುವ ಟೀಚರು ಒಮ್ಮೆ ಇಣುಕಿ ನೋಡಿ, ಮನೆಯಲ್ಲಿ ಎಲ್ಲ ನೆಟ್ಟಗಿದೆಯೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದ್ದರು. ನಮ್ಮ ಯಜಮಾನರ ಬಗ್ಗೆ ಅವರಿಗೆ ಕಳವಳ. ನನ್ನ ಗಂಡ ಪಾಪದ ಮನುಷ್ಯ, ಅವರನ್ನು ಒದೆಯುವ ಅಗತ್ಯ ಇನ್ನೂ ಬಿದ್ದಿಲ್ಲ.

ನೋಡುವುದು ಆ ಚಾಂಪಿಯನ್ನರನ್ನು, ನೆನೆಯುವುದು ಮಾತ್ರ ಒಬ್ಬಳನ್ನು. ಅವಳು ಯಾವ ವಿಡಿಯೊದಲ್ಲೂ ಇಲ್ಲ. ಅವಳ ಎಡಗಾಲಿನ ಒದೆತವನ್ನು ಯಾರೂ ಚಿತ್ರ ತೆಗೆಯಲಿಲ್ಲ. ನನ್ನನ್ನು ನೆಲಕ್ಕೆ ಕೆಡವುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ಅವಳಿಗಿತ್ತು. ಅವಳು ಕೆಡವಲಿಲ್ಲ. ಒಂದು ಒದೆತಕ್ಕಾಗಿ ಹೀಗೆ ಹಂಬಲಿಸುವವರು ಇರುತ್ತಾರೆ ಎಂದರೆ ಯಾರೂ ನಂಬಲಿಕ್ಕಿಲ್ಲ. ನಾನು ಹಂಬಲಿಸುತ್ತೇನೆ.

ಅಫಜಲಪುರದ ಹುಡುಗಿಯರ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಪಿಯು ಕಾಲೇಜಿನ ಮೊದಲ ವರ್ಷ. ನಾನು ಅತನೂರಿನವಳು. ನಮ್ಮದು ಲಿಂಗವಂತರ ಮನೆ. ಹೊಲ, ಬಾವಿ, ಊರಲ್ಲಿ ಒಂದಿಷ್ಟು ಮಾತು ನಡೆಯುವ ಮನೆತನ. ಅವಳು ಮಣ್ಣೂರಿನವಳು. ಅವಳಜ್ಜ ಭೀಮಾ ನದಿಯಲ್ಲಿ ದೋಣಿ ನಡೆಸುತ್ತಿದ್ದರಂತೆ. ಸೇತುವೆ ಬಂದ ಮೇಲೆ ದೋಣಿ ಬೋರಲು ಬಿದ್ದಿತು, ಅವಳಪ್ಪ ಒಕ್ಕಲುತನಕ್ಕೆ ಇಳಿದರು. ಅವಳದು ಮಾತು ಕಡಿಮೆ, ನಗು ಜಾಸ್ತಿ. ನನ್ನದು ಎರಡೂ ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ.

ಕಿಕ್ ಬಾಕ್ಸಿಂಗ್ ಕಲಿಸಲು ಆಳಂದದಿಂದ ಒಬ್ಬ ಸರ್ ಪ್ರತಿ ಭಾನುವಾರ ಬಸ್ಸು ಹಿಡಿದು ಬರುತ್ತಿದ್ದರು. ಶುರುವಿನಲ್ಲಿ ಹದಿನಾಲ್ಕು ಹುಡುಗಿಯರಿದ್ದೆವು, ಮೊಣಕಾಲು ಕಂದಿದ ಮೇಲೆ ಉಳಿದದ್ದು ನಾವಿಬ್ಬರೇ. ಸರ್ ಆಳಂದದ ಬೇಳೆ ಮಿಲ್ಲಿನಿಂದ ತೊಗರಿ ಹೊಟ್ಟು ತಂದು, ಮರಳು ಬೆರೆಸಿ ಗೋಣಿಚೀಲಕ್ಕೆ ತುಂಬಿ, ಹಾಸ್ಟೆಲಿನ ಹಿಂದಿನ ಬೇವಿನ ಮರಕ್ಕೆ ತೂಗು ಹಾಕಿದ್ದರು. ಒದ್ದಾಗಲೆಲ್ಲ ಚೀಲದಿಂದ ಧೂಳು ಏಳುತ್ತಿತ್ತು. ನಾವು ಒದೆಯುತ್ತ ಸೀನುತ್ತ, ಸೀನುತ್ತ ಒದೆಯುತ್ತ ಕಲಿತೆವು.

ಕಸರತ್ತು ಮುಗಿದ ಮೇಲೆ ಸರ್ ತಮ್ಮ ಮೊಬೈಲನ್ನು ಟಿಫಿನ್ ಡಬ್ಬಿಗೆ ಒರಗಿಸಿ ಇಡುತ್ತಿದ್ದರು. ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬಂದ ಪಂದ್ಯಗಳು ಅದರಲ್ಲಿದ್ದವು. ಪರದೇಶದ ಚಾಂಪಿಯನ್ನರ ಹೆಸರು ನಮ್ಮ ನಾಲಿಗೆಗೆ ಹತ್ತುತ್ತಿರಲಿಲ್ಲ, ಆದ್ದರಿಂದ ನಾವೇ ನಾಮಕರಣ ಮಾಡಿಕೊಂಡೆವು. ಎತ್ತರಕ್ಕೆ ಸಣಕಲಾಗಿದ್ದವನು ಜೋಳದ ದಂಟು. ಅವನು ನಿಂತಲ್ಲೇ ಕಾಲೆತ್ತಿ ಎದುರಿನವನ ಕಿವಿಯ ಹಿಂದೆ ಒದೆಯುತ್ತಿದ್ದ, ಆ ಮನುಷ್ಯ ಕಣ್ಣು ತೆರೆದುಕೊಂಡೇ ಬೀಳುತ್ತಿದ್ದ. ಗಿಡ್ಡಗೆ ಇದ್ದು ಕಾಲು ನಿಲ್ಲಿಸದೆ ಆಡಿಸುತ್ತಿದ್ದವನು ಹಿಟ್ಟಿನ ಗಿರಣಿ. ಇನ್ನೊಬ್ಬನಿದ್ದ, ನಾಕೌಟ್ ಮಾಡಿದ ಕೂಡಲೇ ಕೈ ಎತ್ತಿ ಕುಣಿಯದೆ, ಬಿದ್ದವನ ಪಕ್ಕ ಕೂತು ಅವನ ಬಾಯಿಯಿಂದ ಹಲ್ಲಿನ ಕವಚ ತೆಗೆಯುತ್ತಿದ್ದ. ಅವನನ್ನು ನಾವು ಮಾವ ಎನ್ನುತ್ತಿದ್ದೆವು. ಮಾವ ಸೋತ ಪಂದ್ಯ ಬಂದರೆ ಅವಳು ಮುಂದಕ್ಕೆ ಓಡಿಸು ಎನ್ನುತ್ತಿದ್ದಳು.

ಒಂದು ಬಗೆಯ ನಾಕೌಟ್ ಮಾತ್ರ ನನಗೆ ಸುಳ್ಳು ಅನ್ನಿಸುತ್ತಿತ್ತು. ಕಾಲು ಬಲ ಪಕ್ಕೆಲುಬಿನ ಕೆಳಗೆ ತಾಗುತ್ತದೆ. ಆ ಆಳು ನಿಂತೇ ಇರುತ್ತಾನೆ, ಒಂದು ಹೆಜ್ಜೆ ಇಡುತ್ತಾನೆ ಕೂಡ. ಆಮೇಲೆ ಯಾರೋ ಕರೆದರೇನೋ ಎಂಬಂತೆ ಮೆಲ್ಲಗೆ ಮೊಣಕಾಲೂರಿ, ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಾನೆ. ಮುಖಕ್ಕೆ ಒಂದು ಗೀರೂ ಇಲ್ಲ. ನಾಟಕ ಮಾಡುತ್ತಾನೆ ಎಂದು ನಾನು ನಗುತ್ತಿದ್ದೆ. ಅಲ್ಲಿ ಈಲಿ, ಅಂದರೆ ಲಿವರ್, ಇರುತ್ತದೆ, ಅಲ್ಲಿಗೆ ಬಿದ್ದರೆ ತಲೆ ಸರಿಯಾಗಿದ್ದರೂ ಮೈ ಮಾತು ಕೇಳುವುದಿಲ್ಲ ಎಂದು ಸರ್ ಹೇಳುತ್ತಿದ್ದರು. ಅವಳು ನಗುತ್ತಿರಲಿಲ್ಲ. ಹಿಂದಕ್ಕೆ ಸರಿಸಿ ಮತ್ತೆ ಮತ್ತೆ ನೋಡುತ್ತಿದ್ದಳು.

ಆ ಒದೆತವೇ ಅವಳ ಕೈವಶವಾಯಿತು. ಚೀಲದ ಮುಂದೆ ನಿಂತು ಬಲಗಾಲಿನ ಹಿಮ್ಮಡಿ ತಿರುಗಿಸಿ ಎಡಗಾಲು ಬೀಸಿದರೆ, ಚೀಲ ಮರದ ಕೊಂಬೆ ಸಮೇತ ಅಲ್ಲಾಡುತ್ತಿತ್ತು. ತಲೆಗೆ ಒದೆಯುವುದರಲ್ಲಿ ನಾನೂ ಅವಳೂ ಸಮ. ನಡುವಿಗೆ ಒದೆಯುವುದರಲ್ಲಿ ಅವಳಿಗೆ ಜೋಡಿಯೇ ಇರಲಿಲ್ಲ. ಆ ಕಾಲಿನ ಮುಂದೆ ಹೋರಿ ನಿಂತರೂ ಕೂರುತ್ತದೆ ಎಂದು ಸರ್ ಹೇಳಿದ ದಿನ ನನಗೆ ಹೊಟ್ಟೆಕಿಚ್ಚಿನಿಂದ ಊಟ ಸೇರಲಿಲ್ಲ.

ಇನ್ನು ನನ್ನ ಕೊರಳಿನ ಮಾತು. ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ನಾನು ಒದೆಯುವ ಆಟ ಕಲಿಯುತ್ತೇನೆ ಎಂದಾಗ ಅಪ್ಪ ಗುರುಗುಟ್ಟಿದರು, ಅವ್ವ ಅತ್ತಳು, ಒಪ್ಪಿದವಳು ಆಯಿ ಒಬ್ಬಳೇ. ಅವಳದೊಂದೇ ಕರಾರು, ಇಷ್ಟಲಿಂಗ ಮೈಯಿಂದ ಅಗಲಬಾರದು. ಲಿಂಗಪೂಜೆ ಆಗದೆ ಹನಿ ನೀರು ಕುಡಿಯದ ಹೆಂಗಸು ಅವಳು. ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ತಾಗಿ ನೋವಾಗುತ್ತದೆಂದು ಅವಳೇ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಎದೆಯ ಕೆಳಗೆ ಬರುವಂತೆ ಇಳಿಬಿಟ್ಟು, ಅಲುಗದ ಹಾಗೆ ಇನ್ನೊಂದು ಬಟ್ಟೆಯಿಂದ ಸುತ್ತಿ ಕೊಟ್ಟಳು.

ಜೋಡಿಯಾಗಿ ಆಡಲು ಶುರು ಮಾಡಿದ ಮೊದಲ ವಾರವೇ ಮಣ್ಣೂರಿನವಳ ಪಾದ ಆ ಗಂಟಿಗೆ ತಾಗಿತು. ಜೋರಾಗಿಯೇನಲ್ಲ, ಸವರಿದಷ್ಟು. ಅವಳು ಕಾಲು ಸುಟ್ಟವಳಂತೆ ಹಿಂದೆ ಜಿಗಿದು, ಬಂದು ನನ್ನ ಎದೆಯ ಕೆಳಗೆ ಕೈ ಮುಟ್ಟಿಸಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆ ರಾತ್ರಿ ಊಟ ಬಿಟ್ಟಳು. ಮುಂದಿನ ಅಮಾವಾಸ್ಯೆಗೆ ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ತಪ್ಪುಗಾಣಿಕೆ ಎಂದು ಕಾಯಿ ಒಡೆಸಿಕೊಂಡು ಬಂದಳು. ಅವಳ ದೇವರು ಬೇರೆ, ನನ್ನ ದೇವರು ಬೇರೆ, ತಪ್ಪು ಒಪ್ಪಿಸಿದ್ದು ಮಾತ್ರ ತನಗೆ ಗೊತ್ತಿದ್ದ ತಾಯಿಗೆ. ಅಂದಿನಿಂದ ಎರಡು ವರ್ಷ ಅವಳ ಕಾಲು ನನ್ನ ತಲೆಗೆ ಬಂತು, ತೊಡೆಗೆ ಬಂತು, ಎದೆ ಸೊಂಟಗಳ ನಡುವೆ ಒಮ್ಮೆಯೂ ಬರಲಿಲ್ಲ.

ಇದು ಸರಿಯಲ್ಲ ಎಂದು ಸರ್‌ಗೆ ತಿಳಿದಿತ್ತು. ಒಬ್ಬಳಿಗೆ ತನ್ನ ಒಳ್ಳೆಯ ಏಟು ಹಾಕುವ ರೂಢಿ ತಪ್ಪುತ್ತದೆ, ಇನ್ನೊಬ್ಬಳಿಗೆ ನಡು ಕಾಯುವ ರೂಢಿ ಬೀಳುವುದೇ ಇಲ್ಲ. ಆಡುವಾಗಲಾದರೂ ತೆಗೆದಿಡು ಎಂದು ನನಗೆ ಮೆತ್ತಗೆ ಹೇಳಿ ನೋಡಿದರು. ಜೀವ ಹೋದರೂ ತೆಗೆಯುವುದಿಲ್ಲ ಎಂದು ನಾನು ಇಡೀ ಹಾಸ್ಟೆಲಿಗೆ ಕೇಳುವಂತೆ ಕೂಗಾಡಿದೆ. ಅದು ಭಕ್ತಿಯೋ ಹಟವೋ ಆಗ ಗೊತ್ತಿರಲಿಲ್ಲ. ಈಗ ಗೊತ್ತು. ಅವಳ ಆ ಕಾಲು ನನ್ನ ಮುಂದೆ ಬಂದು ತಾನಾಗಿ ತಿರುಗಿ ಹೋಗುವುದು ನನಗೆ ಖುಷಿ ಕೊಡುತ್ತಿತ್ತು.

ಎರಡನೆಯ ವರ್ಷ ಜಿಲ್ಲೆಯ ತಂಡದ ಆಯ್ಕೆ ಆಳಂದದಲ್ಲಿ ನಡೆಯಿತು. ನಮ್ಮಿಬ್ಬರ ತೂಕ ಒಂದೇ, ಆ ತೂಕಕ್ಕೆ ರಾಜ್ಯ ಮಟ್ಟಕ್ಕೆ ಹೋಗುವವಳು ಒಬ್ಬಳೇ. ರಾಜ್ಯ ಮಟ್ಟದಲ್ಲಿ ಆಡಿದ ಕಾಗದವಿದ್ದರೆ ಪೊಲೀಸ್ ನೌಕರಿಗೆ ಆಟಗಾರರ ಕೋಟಾದಲ್ಲಿ ದಾರಿಯಾಗುತ್ತದೆ ಎಂದು ಸರ್ ಅವಳಿಗೆ ಹೇಳಿದ್ದರು. ಅವಳು ಖಾಕಿ ಹಾಕಬೇಕೆಂದು ಪಣ ತೊಟ್ಟಿದ್ದಳು. ಹಾಸ್ಟೆಲಿನ ಕನ್ನಡಿಯ ಮುಂದೆ ಸೆಲ್ಯೂಟ್ ಹೊಡೆಯುವುದನ್ನು ನಾನೇ ಎಷ್ಟೋ ಸಲ ಹಿಡಿದು ಕಾಡಿಸಿದ್ದೆ. ಅವಳಿಗೆ ಬೇಕಾಗಿದ್ದದ್ದು ನೌಕರಿ. ನನಗೆ ಬೇಕಾಗಿದ್ದದ್ದು ಬರೀ ಗೆಲುವು, ಅದೂ ಅವಳ ಮೇಲೆ.

ಆಳಂದದ ಒಂದು ಕಲ್ಯಾಣ ಮಂಟಪದಲ್ಲಿ ಚಾಪೆ ಹಾಸಿದ್ದರು. ಹಿಂದಿನ ದಿನದ ಮದುವೆಯ ಹೂವಿನ ಸರ ಇನ್ನೂ ಕಂಬಕ್ಕೆ ತೂಗುತ್ತಿತ್ತು. ಮೈಮೇಲೆ ದಾರ, ಸರ, ಗಂಟು ಏನೂ ಇರಬಾರದು, ಇದ್ದರೆ ಆಡಿಸುವುದಿಲ್ಲ ಎಂದು ತೀರ್ಪು ಕೊಡುವ ಪಂಚರು ಖಡಾಖಂಡಿತವಾಗಿ ಹೇಳಿದರು. ನಾನು ಜಗಳಕ್ಕೆ ನಿಂತೆ. ಆಗ ಅತನೂರಿನಿಂದ ನನ್ನ ಜೊತೆ ಬಂದಿದ್ದ ಆಯಿ ಎದ್ದು ಬಂದಳು. ತಾನೇ ಬಟ್ಟೆಯ ಗಂಟು ಬಿಚ್ಚಿ, ಲಿಂಗವನ್ನು ತೆಗೆದು ತನ್ನ ಎಡ ಅಂಗೈ ಮೇಲೆ ಇಟ್ಟುಕೊಂಡಳು.

“ನನ್ನ ಅಂಗೈಯಾಗ ಇದ್ರ ನಿನ್ನ ಮೈಮ್ಯಾಲ ಇದ್ದಂಗನ. ನೀ ನನ್ನ ರಕ್ತ. ಹೋಗು, ಆಡಿ ಬಾ,” ಎಂದಳು.

ಆಮೇಲೆ ಚಾಪೆಯ ಪಕ್ಕದ ಜಮಖಾನೆಯ ಮೇಲೆ, ಮನೆಯಲ್ಲಿ ಪೂಜೆಗೆ ಕೂರುವ ಹಾಗೆಯೇ ಕೂತು ಕಣ್ಣು ಮುಚ್ಚಿದಳು. ಇಡೀ ದಿನ ನನ್ನ ಪ್ರತಿ ಪಂದ್ಯಕ್ಕೂ ಹಾಗೆಯೇ ಕೂತಳು. ಗದ್ದಲ, ಸೀಟಿ, ಚಪ್ಪಾಳೆ ಯಾವುದಕ್ಕೂ ಕಣ್ಣು ತೆರೆಯಲಿಲ್ಲ. ಅಲ್ಲಿದ್ದವರೆಲ್ಲ ಅದನ್ನು ನೋಡಿದರು. ಮಣ್ಣೂರಿನವಳೂ ನೋಡಿದಳು.

ಕೊನೆಯ ಪಂದ್ಯಕ್ಕೆ ಎದುರುಬದುರಾದವರು ನಾವಿಬ್ಬರೇ. ಎರಡೆರಡು ನಿಮಿಷದ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಅವಳ ಕಾಲು ಎರಡು ಸಲ ನನ್ನ ಶಿರಸ್ತ್ರಾಣಕ್ಕೆ ಬಿತ್ತು, ಆ ಸುತ್ತು ಅವಳದಾಯಿತು. ಎರಡನೆಯ ಸುತ್ತಿಗೆ ನಾನು ಲೆಕ್ಕ ಹಾಕಿದೆ. ಇದನ್ನು ಬರೆಯಲು ಕೈ ಹಿಂದೆಗೆಯುತ್ತದೆ, ಆದರೂ ಬರೆಯುತ್ತೇನೆ. ಇವಳು ನಡುವಿಗೆ ಒದೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾಗಿ ಎರಡೂ ಕೈ ಕಿವಿಯ ಪಕ್ಕಕ್ಕೆ ಎತ್ತಿ ತಲೆಯನ್ನು ಭದ್ರ ಮಾಡಿಕೊಂಡು, ಹೊಟ್ಟೆ ಪಕ್ಕೆ ಎಲ್ಲವನ್ನೂ ತೆರೆದಿಟ್ಟು ಅವಳ ಮೇಲೆ ನುಗ್ಗಿದೆ. ಬೇರೆ ಯಾರ ಎದುರಿಗೂ ಹಾಗೆ ನಡೆದು ಹೋಗುವ ಧೈರ್ಯ ನನಗಿರಲಿಲ್ಲ. ಸರ್ ಮೂಲೆಯಿಂದ ಅವಳಿಗೆ ನಡುವಿಗೆ, ನಡುವಿಗೆ ಎಂದು ಗಂಟಲು ಹರಿಯುವಂತೆ ಕೂಗಿದರು. ಒಂದು ಸಲ ಅವಳ ಬಲ ಹಿಮ್ಮಡಿ ತಿರುಗಿತು, ಎಡಗಾಲು ನೆಲ ಬಿಟ್ಟಿತು. ನನ್ನ ಬಲ ಪಕ್ಕೆ ಪೂರಾ ತೆರೆದಿತ್ತು. ಅವಳ ಕಣ್ಣು ಒಮ್ಮೆ ಅಲ್ಲಿಗೆ ಇಳಿಯಿತು. ಕಾಲು ಅರ್ಧಕ್ಕೇ ನಿಂತು ವಾಪಸು ನೆಲಕ್ಕೆ ಬಂತು. ಆ ಅರ್ಧ ಗಳಿಗೆಯಲ್ಲಿ ನಾನು ಅವಳ ಮುಖಕ್ಕೆ ಮೂರು ಗುದ್ದು ಹಾಕಿದೆ. ಮೂರನೆಯ ಸುತ್ತೂ ಹಾಗೆಯೇ ಮುಗಿಯಿತು.

ಮೂವರು ಪಂಚರಲ್ಲಿ ಇಬ್ಬರು ನನ್ನ ಕಡೆ ಬರೆದರು. ನನ್ನ ಕೈ ಎತ್ತಿದರು. ಆಯಿ ಕಣ್ಣು ತೆರೆದು ಲಿಂಗವನ್ನು ಮತ್ತೆ ನನಗೆ ಕಟ್ಟಿದಳು. ಸರ್ ಬಂದು ನನ್ನ ಕೈಕವಚದ ದಾರ ಬಿಚ್ಚುತ್ತ ಮುಖ ನೋಡದೆ ಹೇಳಿದರು:

“ನೀ ಗೆದ್ದಿಲ್ಲವ್ವ. ಅಕಿ ಬಿಟ್ಟಾಳ.”

ವಾಪಸು ಬರುವ ಬಸ್ಸಿನಲ್ಲಿ ಅವಳು ಊದಿದ ತುಟಿಗೆ ಒದ್ದೆ ಕರ್ಚೀಫು ಒತ್ತಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಲಿಂಗ ಆಯಿಯ ಕೈಯಲ್ಲಿದ್ದದ್ದನ್ನು ನೋಡಿಯೂ ಯಾಕೆ ಒದೆಯಲಿಲ್ಲ ಎಂದು ಕೇಳಿದೆ. ಗೆದ್ದವಳ ಗತ್ತಿನಲ್ಲಿ ಕೇಳಿದೆ. ಅವಳು ಹೊರಗೆ ನೋಡುತ್ತಲೇ, “ಕಾಲ ಏಳ್ಲಿಲ್ಲಬೇ,” ಎಂದಳು. ಅಷ್ಟೇ. ಅಫಜಲಪುರ ಬರುವ ಹೊತ್ತಿಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಆ ತಲೆಯ ಭಾರ ನನಗೆ ಇಂದಿಗೂ ನೆನಪಿದೆ. ಅಂದು ಕ್ಷಮೆ ಕೇಳಬಹುದಿತ್ತು. ಅವಳನ್ನು ಎಬ್ಬಿಸುವುದು ಬೇಡವೆಂದು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ.

ರಾಜ್ಯ ಮಟ್ಟದಲ್ಲಿ ನನ್ನ ಆಟ ಒಂದು ನಿಮಿಷವೂ ನಡೆಯಲಿಲ್ಲ. ಎದುರಿಗಿದ್ದವಳು ನನಗಿಂತ ಗಿಡ್ಡ, ಸೌಮ್ಯ ಮುಖದ ಹುಡುಗಿ. ನಾನು ರೂಢಿಯಂತೆ ಎರಡೂ ಕೈ ಕಿವಿಗೆ ಏರಿಸಿ ನುಗ್ಗಿದೆ. ಅವಳ ಎಡಗಾಲು ನನ್ನ ಬಲ ಪಕ್ಕೆಯ ಕೆಳಗೆ ಬಂತು. ಸದ್ದು ಕೇಳಿಸಿತು, ನೋವಾಗಲಿಲ್ಲ. ಇಷ್ಟೇನಾ ಅಂದುಕೊಂಡು ಒಂದು ಹೆಜ್ಜೆ ಇಟ್ಟೆ. ಆಮೇಲೆ ಒಳಗಿನಿಂದ ಯಾರೋ ಹಿಂಡಿದಂತಾಗಿ ಉಸಿರು ನಿಂತಿತು, ಕಾಲು ನನ್ನವಾಗಿ ಉಳಿಯಲಿಲ್ಲ. ಪಂಚರು ಎಣಿಸುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಎದ್ದೇಳು ಎಂದು ನಾನು ನನಗೆ ಆಜ್ಞೆ ಮಾಡಿದೆ, ಮೈ ಕಿವಿಗೊಡಲಿಲ್ಲ. ನಾಟಕ ಎಂದು ನಕ್ಕಿದ್ದ ಬಾಯಿಯಿಂದ ಚಾಪೆಯ ಮೇಲೆ ಜೊಲ್ಲು ಸುರಿಯುತ್ತಿತ್ತು.

ಹಾಗೆ ಬಿದ್ದಿದ್ದಾಗ ನನಗೆ ಅವಮಾನ ಆಗಲಿಲ್ಲ. ಮಣ್ಣೂರಿನವಳು ನೆನಪಾದಳು. ಇದು ಅವಳ ಒದೆತ. ಇದಕ್ಕಿಂತ ಇಮ್ಮಡಿ ಜೋರಿನದು ಅವಳ ಕಾಲಿನಲ್ಲಿತ್ತು, ಆಳಂದದಲ್ಲಿ ಅದು ನನ್ನಿಂದ ಗೇಣು ದೂರಕ್ಕೆ ಬಂದು ನಿಂತಿತ್ತು. ಅವಳು ಅಂದು ಕಾಲು ಬೀಸಿದ್ದರೆ ನಾನು ಅಲ್ಲೇ ಬೀಳುತ್ತಿದ್ದೆ, ಅವಳು ಇಲ್ಲಿ ನಿಂತಿರುತ್ತಿದ್ದಳು. ಅವಳನ್ನು ಯಾರಿಂದಲೂ ಹೀಗೆ ಕೆಡವಲಾಗುತ್ತಿರಲಿಲ್ಲ.

ಆ ವರ್ಷ ಪರೀಕ್ಷೆಯೊಂದಿಗೆ ಹಾಸ್ಟೆಲೂ ಮುಗಿಯಿತು. ಅವಳು ಪೊಲೀಸ್ ನೌಕರಿಗೆ ಎರಡು ಸಲ ಬರೆದಳು, ಓಟದಲ್ಲಿ ಮುಂದೆ ಬಂದು ಪಟ್ಟಿಯಲ್ಲಿ ಹಿಂದೆ ಬಿದ್ದಳು. ಆಮೇಲೆ ಮದುವೆಯಾಗಿ ಮಣ್ಣೂರಿನಲ್ಲೇ ಉಳಿದಳು ಎಂದು ಕೇಳಿದೆ. ನಾನು ಟೀಚರಾಗಿ ಜೇವರ್ಗಿಗೆ ಬಂದೆ. ಮೊದಮೊದಲು ಫೋನು ಇತ್ತು, ಹಬ್ಬಕ್ಕೆ, ಹೆರಿಗೆಗೆ. ಆಮೇಲೆ ಅದೂ ನಿಂತಿತು. ನಾನು ಮೊಬೈಲಿನಲ್ಲಿ ಗಿರಣಿಯನ್ನು, ಮಾವನನ್ನು ಹುಡುಕಿ ನೋಡತೊಡಗಿದ್ದು ಆ ಮೇಲೆಯೇ. ಪಕ್ಕದಲ್ಲಿ ಹಿಂದಕ್ಕೆ ಸರಿಸು ಎನ್ನುವವರು ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ತಡೆಯಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಅಫಜಲಪುರಕ್ಕೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಮಣ್ಣೂರಿನ ಬಸ್ಸು ಹತ್ತಿದೆ. ಅವಳು ತೊಗರಿಗೆ ಹುಳದ ಎಣ್ಣೆ ಹೊಡೆದು ಆಗಷ್ಟೇ ಬಂದಿದ್ದಳು. ಸೀರೆಯ ಮೇಲೆ ಗಂಡನ ತುಂಬು ತೋಳಿನ ಅಂಗಿ, ಬೆನ್ನ ಮೇಲೆ ಪಂಪು. ನನ್ನನ್ನು ನೋಡಿ, ಪಂಪು ಇಳಿಸುವುದನ್ನೂ ಮರೆತು ನಿಂತಳು. ಆಮೇಲೆ ಹತ್ತಿರ ಬಂದು, ಮೈಗೆಲ್ಲ ಎಣ್ಣೆ ಹತ್ತಿದೆ ಎಂದು ದೂರದಿಂದಲೇ ನನ್ನ ಗಲ್ಲದ ಕಡೆ ಕೈಚಾಚಿ ನೆಟಿಗೆ ಮುರಿದಳು. ದಪ್ಪಗಾಗಿದ್ದೇನೆ ಎಂದು ಆಡಿಕೊಂಡಳು. ನಾನು ಅಳುತ್ತಿದ್ದೆ.

ಅವಳು ಕೈಕಾಲು ತೊಳೆದು ಬಂದ ಮೇಲೆ ಕಟ್ಟೆಯ ಮೇಲೆ ಇಬ್ಬರೂ ಕೂತು ನನ್ನ ಮೊಬೈಲಿನಲ್ಲಿ ನಾಕೌಟುಗಳನ್ನು ನೋಡಿದೆವು. ಹೊಸ ಚಾಂಪಿಯನ್ನರಿಗೆ ಅವಳು ಹೊಸ ಹೆಸರು ಇಟ್ಟಳು. ಪಕ್ಕೆಗೆ ಬಿದ್ದ ಒದೆತ ಬಂದಾಗ ನನ್ನ ಕೈಯಿಂದ ಮೊಬೈಲು ಕಸಿದುಕೊಂಡು ಎರಡು ಸಲ ಹಿಂದಕ್ಕೆ ಸರಿಸಿದಳು. ಇಷ್ಟು ವರ್ಷ ನಾನು ಕಾದಿದ್ದದ್ದು ಇದಕ್ಕೇ ಇರಬೇಕು ಅನ್ನಿಸಿತು. ಅಲ್ಲಿಗೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ನನಗೆ ಸುಮ್ಮನಿರಲು ಬರುವುದಿಲ್ಲ.

ಆಳಂದದ ಪಂದ್ಯದ ಮಾತು ನಾನೇ ಎತ್ತಿದೆ. ಬೇಕೆಂದೇ ನಡು ತೆರೆದಿಟ್ಟುಕೊಂಡು ನುಗ್ಗಿದ್ದೆ ಎಂದು ಒಪ್ಪಿಕೊಂಡೆ. ಅದು ತನಗೆ ಆಗಲೇ ಗೊತ್ತಿತ್ತು ಎಂದು ಅವಳು ತೀರಾ ಸಹಜವಾಗಿ ಹೇಳಿದಳು. ನಾನು ಅಂಗಳಕ್ಕಿಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಅಂದು ಬಿಟ್ಟ ಒದೆತ ಇವತ್ತು ಹಾಕು, ಪೂರಾ ಜೋರಿನಲ್ಲಿ ಹಾಕು, ಬಿದ್ದರೆ ಬೀಳುತ್ತೇನೆ ಎಂದೆ. ಹುಚ್ಚು ಹಿಡಿದಿದೆಯೇ ಎಂದು ನಕ್ಕಳು. ನಾನು ನಗದೇ ಇದ್ದದ್ದನ್ನು ನೋಡಿ ಎದ್ದು ಬಂದಳು. ಎದುರಿಗೆ ನಿಂತು ಕಾಲು ಅಗಲಿಸಿದಳು. ಹೊಲದ ಮಣ್ಣಿಗೆ ಬಿರಿದಿದ್ದ ಆ ಪಾದಗಳಿಗೆ ಆಟ ಮರೆತಿರಲಿಲ್ಲ, ಬಲ ಹಿಮ್ಮಡಿ ತಾನಾಗಿ ತಿರುಗಿತು. ನಾನು ಎರಡೂ ಕೈ ಕೆಳಗೆ ಬಿಟ್ಟೆ. ಅವಳು ತಟ್ಟನೆ ನಿಂತಳು.

“ತಡಿಬೇ, ಲಿಂಗ ತಗೀ. ಆಯಿ ಇಲ್ಲಲ್ಲ ಈಗ, ಯಾರ ಕೈಯಾಗ ಕೊಡ್ತಿ?”

ಇದನ್ನು ನಾನು ಇಷ್ಟು ಹೊತ್ತು ಓದುಗರಿಗೂ ಹೇಳಿರಲಿಲ್ಲ. ಆಯಿ ತೀರಿಕೊಂಡದ್ದು ನಾನು ಸೋತು ಬಂದ ಮರುವರ್ಷ. ಅದರ ಮುಂದಿನ ವರ್ಷ, ಬೇರೆ ಊರಲ್ಲಿ ಓದುತ್ತಿದ್ದಾಗ, ಸೆಕೆಗೆ ಕೊರಳು ಕಡಿಯುತ್ತದೆ ಎಂದು ಲಿಂಗ ತೆಗೆದಿಟ್ಟೆ. ಯಾರೂ ಏನೂ ಅನ್ನಲಿಲ್ಲ. ನಮ್ಮ ಮನೆಗಳಲ್ಲಿ ಈಗ ಎಷ್ಟೋ ಮಂದಿ ಕಟ್ಟಿಕೊಳ್ಳುವುದಿಲ್ಲ. ಅದು ಜೇವರ್ಗಿಯ ಮನೆಯ ದೇವರ ಗೂಡಿನಲ್ಲಿ ಕರಡಿಗೆಯೊಳಗಿದೆ, ಹಬ್ಬದ ದಿನ ಹೂ ಏರಿಸುತ್ತೇನೆ.

ಕಟ್ಟಿಕೊಂಡಿಲ್ಲ ಎಂದೆ. ಇವತ್ತು ಮರೆತಿಯೇನು ಎಂದು ಕೇಳಿದಳು. ಇಲ್ಲ, ಬಿಟ್ಟು ಹನ್ನೆರಡು ವರ್ಷವಾಯಿತು ಎಂದೆ. ಅವಳು ನನ್ನ ಎದೆಯ ಕೆಳಗೆ, ಆ ಜಾಗವನ್ನೇ ನೋಡಿದಳು. ಆಳಂದದಲ್ಲಿ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ತಿರುಗಿದ್ದ ಹಿಮ್ಮಡಿಯನ್ನು ಮೆಲ್ಲಗೆ ನೇರ ಮಾಡಿಕೊಂಡಳು. ನನಗೆ ಗಾಬರಿಯಾಯಿತು.

“ಒದಿ,” ಎಂದೆ. “ಈಗ ಅಲ್ಲಿ ಏನೂ ಇಲ್ಲ. ಒದಿಬೇ.”

“ಖಾಲಿ ಜಾಗಕ್ಕ ಒದ್ದು ಏನ್ ಮಾಡ್ಲಿ,” ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿದೆ, ಉಂಡು ಹೋಗು ಎಂದು ಹೇಳಿ, ಪಂಪು ಎತ್ತಿಕೊಂಡು ತೊಳೆಯಲು ನೀರಿನ ತೊಟ್ಟಿಯ ಕಡೆ ನಡೆದಳು. ನಾನು ಅಂಗಳದಲ್ಲಿ ಹಾಗೆಯೇ ನಿಂತಿದ್ದೆ, ಎರಡೂ ಕೈ ಕೆಳಗೆ ಬಿಟ್ಟುಕೊಂಡು.